ಗಂಟಲಿಗೆ ಮೈಲಿಗೆ ಇಲ್ಲ



ನಮ್ಮ ಹಾಸ್ಟೆಲಿನ ಹುಡುಗ ಮೈಕಿನ ಮುಂದೆ ನಿಂತು 'ಬಾರತದ ಸಂವಿದಾನ' ಅಂದ ಕೂಡಲೇ ಮುಂದಿನ ಸಾಲಿನಿಂದ ಒಂದು ನಗು ಏಳುತ್ತದೆ. ನಮ್ಮ ಹುಡುಗಿ ಕ್ಲಾಸಿನಲ್ಲಿ ಎದ್ದು ನಿಂತು 'ದರ್ಮ' ಅಂತ ಓದಿದರೆ ಮೇಷ್ಟ್ರು ಪುಸ್ತಕ ಕೆಳಗಿಟ್ಟು 'ಇನ್ನೊಂದ್ಸಲ ಹೇಳಮ್ಮ' ಅಂತಾರೆ. ಇನ್ನೊಂದ್ಸಲ ಹೇಳಿದರೂ ಅದು ದರ್ಮವೇ. ಆಗ ಇಡೀ ಕ್ಲಾಸು ನಗುತ್ತದೆ. ಸಂವಿಧಾನ ಏನು ಹೇಳುತ್ತದೆ, ಧರ್ಮದ ಹೆಸರಿನಲ್ಲಿ ಏನು ನಡೆಯುತ್ತಿದೆ ಅನ್ನೋ ಮಾತು ಅಲ್ಲಿಗೇ ಸತ್ತಿತು. ಚರ್ಚಾ ಸ್ಪರ್ಧೆಗಳಲ್ಲಿ 'ಉಚ್ಚಾರಣಾ ಶುದ್ಧಿ' ಅಂತ ಬೇರೆ ಅಂಕ ಇಟ್ಟಿರುತ್ತಾರೆ. ಶುದ್ಧಿ! ಈ ಪದ ಎಲ್ಲಿಂದ ಬಂತು ಅಂತ ಯಾರೂ ಕೇಳೋದಿಲ್ಲ. ನಾವು ಕೇಳುತ್ತೇವೆ. ಬಾವಿಕಟ್ಟೆಯಲ್ಲಿ, ಗುಡಿ ಬಾಗಿಲಲ್ಲಿ, ಹೋಟೆಲಿನ ಲೋಟದಲ್ಲಿ ಇದ್ದ ಮೈಲಿಗೆಯನ್ನು ಕಾನೂನು ಕಾಗದದ ಮೇಲಾದರೂ ಓಡಿಸಿತು. ಅದು ಓಡಿಬಂದು ನಮ್ಮ ಗಂಟಲೊಳಗೆ ಅಡಗಿ ಕೂತಿದೆಯೇ?

ಹಾಗಾದರೆ ಆ ಗಂಟಲೊಳಕ್ಕೇ ಇಳಿದು ನೋಡೋಣ.

ಈ ಹಾಳೆಯನ್ನೇ ಬಾಯ ಮುಂದೆ ಹಿಡಿಯಿರಿ

ಒಂದು ಕೈ ಗಂಟಲ ಮೇಲಿಡಿ. 'ಪ' ಅನ್ನಿ, 'ಬ' ಅನ್ನಿ. ಎರಡಕ್ಕೂ ತುಟಿ ಮಾಡೋ ಕೆಲಸ ಒಂದೇ, ಮುಚ್ಚಿ ಬಿಚ್ಚೋದು. ವ್ಯತ್ಯಾಸ ಇರೋದು ಕೆಳಗೆ. ಗಂಟಲ ಗೂಡಿನಲ್ಲಿ ಎರಡು ಸಣ್ಣ ಮಡಿಕೆಗಳಿವೆ. ನಾದತಂತು ಅಂತ ಪುಸ್ತಕದವರು ಕರೀತಾರೆ. ಶ್ವಾಸಕೋಶದಿಂದ ಬರುವ ಗಾಳಿಗೆ ಅವು ಅದುರಿದರೆ ನಾದ ಹುಟ್ಟುತ್ತದೆ. 'ಬ' ಅನ್ನುವಾಗ ತುಟಿ ಇನ್ನೂ ಮುಚ್ಚಿರುವಾಗಲೇ ಅದುರು ಶುರುವಾಗಿರುತ್ತದೆ. 'ಪ' ಅನ್ನುವಾಗ ತುಟಿ ಬಿಚ್ಚಿದ ಹೊತ್ತಿಗೆ ಸರಿಯಾಗಿ, ಹೆಚ್ಚುಕಡಿಮೆ ಅದೇ ಕ್ಷಣ, ಶುರುವಾಗುತ್ತದೆ. ಇನ್ನು 'ಫ'. ಕಾಫಿಯ ಫ ಅಲ್ಲ, ತುಟಿ ಮುಚ್ಚಿ ಬಿಚ್ಚುವ ಹಳೇ ಫ. ಅಲ್ಲಿ ತುಟಿ ಬಿಚ್ಚಿದ ಮೇಲೂ ಮಡಿಕೆಗಳು ತೆರೆದೇ ಇರುತ್ತವೆ. ಬರೀ ಗಾಳಿ ನುಗ್ಗುತ್ತದೆ, ನಾದ ಆಮೇಲೆ ಬರುತ್ತದೆ. ಬಾಯ ಮುಂದೆ ಹಿಡಿದ ಈ ಹಾಳೆ 'ಪ' ಅಂದರೆ ಸುಮ್ಮನಿರುತ್ತದೆ, 'ಫ' ಅಂದರೆ ಅಲ್ಲಾಡುತ್ತದೆ.

ಅಘೋಷ, ಘೋಷ, ಅಲ್ಪಪ್ರಾಣ, ಮಹಾಪ್ರಾಣ ಅಂತ ದೊಡ್ಡ ದೊಡ್ಡ ಹೆಸರಿಟ್ಟು ನಮ್ಮನ್ನು ಹೆದರಿಸಿದ್ದು ಬಹುಪಾಲು ಇದೇ ಹೊತ್ತಿನ ಲೆಕ್ಕ. ಬಾಗಿಲು ತೆರೆದದ್ದು ಯಾವಾಗ, ದೀಪ ಹತ್ತಿದ್ದು ಯಾವಾಗ, ಅಷ್ಟೆ. ಒಂದು ಸೆಕೆಂಡನ್ನು ಸಾವಿರ ಚೂರು ಮಾಡಿ. ಅದರಲ್ಲಿ ಐವತ್ತು ಅರವತ್ತು ಚೂರಿನ ವ್ಯತ್ಯಾಸ. ಕಣ್ಣು ಮಿಟುಕಿಸುವಷ್ಟು ಹೊತ್ತೂ ಅಲ್ಲ. ಆ ಸಂದಿಯೊಳಗೆ ಒಂದು ಜಾತಿಯನ್ನೇ ಕೂರಿಸಿದ್ದಾರೆ ಅಂದರೆ ಅವರ ಕೈಚಳಕ ಎಂಥದ್ದಿರಬೇಕು ನೋಡಿ.

ಜಗತ್ತು ಗಾಳಿಯನ್ನು ಹೇಗೆ ಹಂಚಿಕೊಂಡಿದೆ?

1964ರಲ್ಲಿ ಅಮೆರಿಕದ ಲೀ ಲಿಸ್ಕರ್ ಮತ್ತು ಆರ್ಥರ್ ಅಬ್ರಮ್ಸನ್ ಅನ್ನೋ ಇಬ್ಬರು ವಿದ್ವಾಂಸರು ಹನ್ನೊಂದು ಭಾಷೆಗಳನ್ನು ತೆಗೆದುಕೊಂಡು ಈ ಹೊತ್ತನ್ನು ಯಂತ್ರದಲ್ಲಿ ಅಳೆದರು. ಹಿಂದಿ ಮತ್ತು ಮರಾಠಿಯಲ್ಲಿ ನಾಲ್ಕು ಬಗೆ ಸಿಕ್ಕವು: ಪ, ಫ, ಬ, ಭ. ಥಾಯ್ ಭಾಷೆಯಲ್ಲಿ ಮೂರೇ, 'ಭ' ಇಲ್ಲ. ತಮಿಳಿನಲ್ಲಿ, ಸ್ಪ್ಯಾನಿಷ್‌ನಲ್ಲಿ, ಇಂಗ್ಲಿಷಿನಲ್ಲಿ, ಚೀನಾದ ಕ್ಯಾಂಟನೀಸ್‌ನಲ್ಲಿ ಎರಡೇ. ಎರಡೇ ಇದ್ದರೂ ಅವು ಒಂದೇ ಎರಡಲ್ಲ. ಸ್ಪ್ಯಾನಿಷರ ಪ-ಬ ನಮ್ಮ ಪ-ಬ ಹಾಗೆ. ಕ್ಯಾಂಟನೀಸ್‌ನವರ ಎರಡು ನಮ್ಮ ಪ-ಫ ಇದ್ದ ಹಾಗೆ.

ಇಂಗ್ಲಿಷರ ಕಥೆ ಇನ್ನೂ ಚೆನ್ನಾಗಿದೆ. ಪದದ ಮೊದಲಲ್ಲಿ ಅವರ ಪ, ಟ, ಕ ಬಂದರೆ ತುಟಿ ನಾಲಿಗೆ ಬಿಟ್ಟ ಮೇಲೆ ಸುಮಾರು 60ರಿಂದ 80 ಚೂರು ತಡವಾಗಿ ನಾದ ಬರುತ್ತದೆ. ಅಂದರೆ ಇಂಗ್ಲಿಷರವನ 'ಪೆನ್' ನಮ್ಮ ಅಳತೆಯಲ್ಲಿ 'ಫೆನ್'. ಅವನ 'ಬ' ಎಷ್ಟೋ ಸಲ ತುಟಿ ಬಿಚ್ಚಿದ ಮೇಲೆ ಅದುರುತ್ತದೆ, ನಮ್ಮ 'ಪ' ಪಕ್ಕದಲ್ಲೇ ಅದರ ಮನೆ. ಈಗ ನಮ್ಮ 'ಬಾರತ'ಕ್ಕೆ ನಗುವ ಸೂಟುಬೂಟಿನವರನ್ನೇ ಕೇಳಿ ನೋಡಿ. ಅವರು 'ಪೆನ್', 'ಕಾರ್', 'ಟೀ' ಅನ್ನುವಾಗ ಎಲ್ಲಿದೆ ಆ ಗಾಳಿ? ಗಾಳಿಯಿಲ್ಲದ ಆ 'ಪ' ಇಂಗ್ಲಿಷರ ಕಿವಿಗೆ 'ಬ' ಅಂತ ಕೇಳಿಸೋದೂ ಉಂಟು. ಲಂಡನ್ನಿಗೆ ಹೋದರೆ ಅವರೂ ಅಲ್ಪಪ್ರಾಣದವರೇ! ಅಲ್ಲಿ ಯಾರಾದರೂ ನಕ್ಕರೆ ಅದನ್ನು ವರ್ಣದ್ವೇಷ ಅಂತಾರೆ. ಇಲ್ಲಿ ತಾವು ನಕ್ಕರೆ ಅದು ಭಾಷಾಪ್ರೇಮ.

ಕೊರಿಯನ್ ಭಾಷೆಯಲ್ಲಿ ಪದದ ಮೊದಲಲ್ಲಿ ಗ, ಜ, ದ, ಬ ಬರೋದಿಲ್ಲ. ಎರಡು ಸ್ವರಗಳ ನಡುವೆ ಸಿಕ್ಕಿಕೊಂಡಾಗ ಮಾತ್ರ ಕ ಗ ಆಗುತ್ತದೆ. ಆಸ್ಟ್ರೇಲಿಯಾದ ಮೂಲನಿವಾಸಿಗಳ ಬಹುಪಾಲು ಭಾಷೆಗಳಲ್ಲಿ ಕ-ಗ, ಪ-ಬ ಬೇರೆ ಬೇರೆ ಅನ್ನೋ ಲೆಕ್ಕವೇ ಇಲ್ಲ. ಹಾಗಂತ ಅವರ ಮಾತು ಕುಂಟುತ್ತಿಲ್ಲ. ಒಂದೊಂದು ಜನ ಒಂದೊಂದು ಕಡೆ ಗೆರೆ ಎಳೆದುಕೊಂಡಿದ್ದಾರೆ. ಗೆರೆ ಇರೋದು ಬಳಕೆಯಲ್ಲಿ. ದೇವರು ಎಳೆದದ್ದಲ್ಲ.

ಕನ್ನಡದ ಹಾಲು, ನಮ್ಮ ಆಲು

ಇನ್ನು ನಮ್ಮ ಮನೆಗೆ ಬರೋಣ. ದ್ರಾವಿಡ ಭಾಷೆಗಳ ಮೂಲದಲ್ಲಿ ಮಹಾಪ್ರಾಣ ಇರಲಿಲ್ಲ. ಕ-ಗ, ಪ-ಬ ಅನ್ನೋ ಭೇದವೂ ಜಾಗ ನೋಡಿಕೊಂಡು ಬರುತ್ತಿತ್ತು ಅಂತ 1856ರಲ್ಲೇ ಕಾಲ್ಡ್‌ವೆಲ್ ತನ್ನ ವ್ಯಾಕರಣದಲ್ಲಿ ಬರೆದ. ತಮಿಳು ಲಿಪಿಯಲ್ಲಿ ಇವತ್ತಿಗೂ ಕ-ಗ ಎರಡಕ್ಕೂ ಒಂದೇ ಅಕ್ಷರ. ಅಷ್ಟು ದೊಡ್ಡ ಸಾಹಿತ್ಯ ಆ ಲಿಪಿಯಲ್ಲೇ ನಿಂತಿದೆ. ಕನ್ನಡದಲ್ಲಿ ಕ-ಗ ಬೇರೆಯಾದವು, ಸರಿ. ಆದರೆ ಖ, ಘ, ಛ, ಝ, ಠ, ಢ, ಥ, ಧ, ಫ, ಭ ಈ ಹತ್ತೂ ಮುಖ್ಯವಾಗಿ ಸಂಸ್ಕೃತದ ಪದಗಳನ್ನು ಬರೆಯೋಕೆ ಬಂದ ಅತಿಥಿಗಳು. ಅವು ಬರಹದಲ್ಲಿ ಉಳಿದವು. ನಾಲಿಗೆಯ ಮೇಲೆ ಬಹುಪಾಲು ಕನ್ನಡಿಗರು ಅವನ್ನು ತಮ್ಮ ಗಾಳಿಗೆ ಹೊಂದಿಸಿಕೊಂಡರು. ಬೂಮಿ, ದನ, ಗಂಟೆ, ಕತೆ ಅಂತ ಅನ್ನೋದು ಕೇರಿಯವರು ಮಾತ್ರವೇ? ಗೌಡರ ಮನೆಯಲ್ಲಿ, ಕುರುಬರ ಹಟ್ಟಿಯಲ್ಲಿ, ಮಾರ್ಕೆಟ್ಟಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಕಿವಿಗೊಟ್ಟು ಕೇಳಿ. ನಗು ಮಾತ್ರ ನಮ್ಮ ಪಾಲಿಗೆ ಬರುತ್ತದೆ.

ಹಕಾರದ ವಿಷಯವೂ ಇಷ್ಟೆ. ಹತ್ತನೇ ಶತಮಾನದ ಪಂಪನ ಕನ್ನಡದಲ್ಲಿ ಪಾಲ್, ಪುಲಿ, ಪೂ ಅಂತ ಇತ್ತು. ತಮಿಳಿನಲ್ಲಿ ಈಗಲೂ ಪಾಲ್, ತೆಲುಗಿನಲ್ಲಿ ಪಾಲು. ಮುಂದಿನ ಕೆಲವು ಶತಮಾನಗಳಲ್ಲಿ ಕನ್ನಡದವರು ತುಟಿ ಮುಚ್ಚೋದನ್ನೇ ಬಿಟ್ಟರು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು. ಪಕಾರ ಕಳೆದ ಆ ಬದಲಾವಣೆಗೆ ಇಟ್ಟ ಹೆಸರು 'ನಡುಗನ್ನಡ'. ನಾವು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಉಳಿದ ಗಾಳಿಯನ್ನೂ ಬಿಟ್ಟು 'ಆಲು' ಅಂದರೆ ಅದರ ಹೆಸರು 'ಅಶುದ್ಧ'! ಪಕಾರ ಕೊಂದವರು ಪಂಡಿತರು, ಹಕಾರ ಬಿಟ್ಟವರು ದಡ್ಡರು. ಇದು ಯಾವ ನ್ಯಾಯ? ಫ್ರೆಂಚರೂ ತಮ್ಮ ಹಕಾರ ಕಳೆದುಕೊಂಡು ಕೂತಿದ್ದಾರೆ. ಅದನ್ನೇ ನಾಜೂಕು ಅಂತ ಜಗತ್ತು ಮೆಚ್ಚುತ್ತದೆ.

1960ರಲ್ಲಿ ವಿಲಿಯಂ ಬ್ರೈಟ್ ಅನ್ನೋ ಭಾಷಾವಿಜ್ಞಾನಿ ಬ್ರಾಹ್ಮಣರ ಕನ್ನಡವನ್ನೂ ಬ್ರಾಹ್ಮಣೇತರರ ಕನ್ನಡವನ್ನೂ ಪಕ್ಕಪಕ್ಕ ಇಟ್ಟು ನೋಡಿದ. ಎರಡೂ ಬದಲಾಗಿವೆ, ಬೇರೆ ಬೇರೆ ದಾರಿಯಲ್ಲಿ ಬದಲಾಗಿವೆ ಅನ್ನೋದು ಅವನು ಕಂಡದ್ದು. ಒಂದು ಹಾಗೇ ನಿಂತು ಇನ್ನೊಂದು ಕೆಟ್ಟಿತು ಅನ್ನೋದು ಬರೀ ಕಟ್ಟುಕಥೆ. 'ಫಲ' ಅನ್ನುವಾಗ ತುಟಿ ಮುಚ್ಚಿ ಬಿಚ್ಚುವವರು ಇವತ್ತು ಎಷ್ಟು ಜನ ಇದ್ದಾರೆ? ಶುದ್ಧಿಯ ಪಹರೆಯವರಲ್ಲೇ ಬಹಳ ಜನ ಕೆಳತುಟಿಗೆ ಹಲ್ಲು ತಾಗಿಸಿ ಇಂಗ್ಲಿಷಿನ ಫ ಹಾಕುತ್ತಾರೆ. ಆ ಮೈಲಿಗೆ ಯಾರ ಕಿವಿಗೂ ಬೀಳೋದಿಲ್ಲ. ಯಾಕಂದರೆ ಅದು ಮೇಲಿನಿಂದ ಬಂದ ಮೈಲಿಗೆ.

ಕಿವಿಗೆ ಸೀಸ ಸುರಿದವರು

ಒಂದು ಮಾತು ಒಪ್ಪಬೇಕು. ಗಂಟಲಿನ ಈ ಗುಟ್ಟನ್ನು ಬಹಳ ಹಿಂದೆಯೇ ಕಂಡವರು ಈ ದೇಶದಲ್ಲಿದ್ದರು. ಪ್ರಾತಿಶಾಖ್ಯಗಳನ್ನು ಬರೆದವರು ಕಂಠದ ರಂಧ್ರ ತೆರೆದರೆ ಶ್ವಾಸ, ಮುಚ್ಚಿಕೊಂಡರೆ ನಾದ ಅಂತ ಗುರುತಿಸಿದ್ದರು. ಯಂತ್ರವಿಲ್ಲದ ಕಾಲದಲ್ಲಿ ಅದು ಸಣ್ಣ ಕೆಲಸ ಅಲ್ಲ. ಆದರೆ ಆ ಅರಿವನ್ನು ಎಲ್ಲಿಟ್ಟರು? ಬೀಗದೊಳಗೆ ಇಟ್ಟರು. ವೇದ ಕೇಳಿಸಿಕೊಂಡ ಶೂದ್ರನ ಕಿವಿಗೆ ಕಾದ ಸೀಸ ಸುರಿಯಬೇಕು ಅಂತ ಗೌತಮ ಧರ್ಮಸೂತ್ರ ಬರೆಯಿತು. ಅಸುರರು ಉಚ್ಚಾರ ತಪ್ಪಿದ್ದರಿಂದಲೇ ಸೋತರು, ಆದ್ದರಿಂದ ಬ್ರಾಹ್ಮಣನಾದವನು ಮ್ಲೇಚ್ಛರಂತೆ ಮಾತಾಡಬಾರದು ಅಂತ ಪತಂಜಲಿಯ ಮಹಾಭಾಷ್ಯ ಹೇಳಿತು. ನಾಲಿಗೆಯ ಮೇಲೆ ಅಸುರ-ಸುರ ಅಂತ ಗೆರೆ ಎಳೆದದ್ದು ಇವತ್ತು ನಿನ್ನೆಯಲ್ಲ.

ಬಾಬಾಸಾಹೇಬರು ಸ್ಕೂಲಿನಲ್ಲಿ ಸಂಸ್ಕೃತ ಕಲಿಯಬೇಕು ಅಂತ ಆಸೆಪಟ್ಟರು. ಬಿಡಲಿಲ್ಲ. ಪರ್ಶಿಯನ್ ತೆಗೆದುಕೊಳ್ಳಬೇಕಾಯಿತು. ಮುಂದೆ ತಾವೇ ಕಷ್ಟಪಟ್ಟು ಸಂಸ್ಕೃತ ಕಲಿತರು. ಕೇಳಿದರೆ ಸೀಸ, ಕಲಿಯಹೋದರೆ ಬಾಗಿಲು ಬಂದ್. ಎರಡು ಸಾವಿರ ವರ್ಷ ಕಿವಿ ಮುಚ್ಚಿಸಿದವರ ಮೊಮ್ಮಕ್ಕಳು ಇವತ್ತು ನಮ್ಮ ಬಾಯಿ ನೋಡಿ 'ಅಯ್ಯೋ, ಇವರಿಗೆ ಮಹಾಪ್ರಾಣವೇ ಬರೋದಿಲ್ಲ' ಅಂತ ನಗುತ್ತಾರೆ. ಬಾವಿಗೆ ಇಳಿಯಲು ಬಿಡದೆ, ಈಜು ಬರೋದಿಲ್ಲ ಅಂತ ಹಂಗಿಸಿದ ಹಾಗೆ.

ಹಸುಗೂಸಿನ ಕಿವಿ, ಇಲಿಯ ಕಿವಿ

'ನಿಮ್ಮವರ ಕಿವಿ ಸೂಕ್ಷ್ಮವಿಲ್ಲ' ಅಂತಲೂ ಕೆಲವರು ಅಂತಾರೆ. ಅದಕ್ಕೂ ಉತ್ತರ ಇದೆ. 1971ರಲ್ಲಿ ಪೀಟರ್ ಐಮಾಸ್ ಮತ್ತು ಜೊತೆಗಾರರು ಒಂದು ತಿಂಗಳ, ನಾಲ್ಕು ತಿಂಗಳ ಕೂಸುಗಳ ಬಾಯಿಗೆ ರಬ್ಬರ್ ನಿಪ್ಪಲ್ ಕೊಟ್ಟು ಶಬ್ದ ಕೇಳಿಸಿದರು. 'ಬ' ಕೇಳಿ ಕೇಳಿ ಬೇಸರವಾಗಿ ಚೀಪೋದು ನಿಧಾನ ಮಾಡಿದ ಕೂಸು 'ಪ' ಬಂದ ಕೂಡಲೇ ಜೋರಾಗಿ ಚೀಪಿತು. ಮಾತೇ ಬಾರದ ಮಗುವಿಗೆ ಪ-ಬ ಭೇದ ಗೊತ್ತು. ಆಮೇಲೆ 1981ರಲ್ಲಿ ಕೆನಡಾದಲ್ಲಿ ಜಾನೆಟ್ ವರ್ಕರ್ ಮತ್ತು ಗೆಳೆಯರು ಇಂಗ್ಲಿಷ್ ಮನೆಯ ಮಕ್ಕಳಿಗೆ ಹಿಂದಿಯ 'ಥ'-'ಧ' ಕೇಳಿಸಿದರು. ಆರೇಳು ತಿಂಗಳ ಕೂಸುಗಳು ಭೇದ ಹಿಡಿದವು. ಇಂಗ್ಲಿಷ್ ಬಿಟ್ಟು ಬೇರೆ ತಿಳಿಯದ ದೊಡ್ಡವರು ತಡಕಾಡಿದರು. ಹುಟ್ಟುವಾಗ ಎಲ್ಲರ ಕಿವಿಯೂ ವಿಶಾಲ. ಮನೆಯಲ್ಲಿ, ಬೀದಿಯಲ್ಲಿ ಯಾವ ಭೇದ ಕೆಲಸಕ್ಕೆ ಬರುತ್ತದೋ ಅದನ್ನು ಕಿವಿ ಉಳಿಸಿಕೊಳ್ಳುತ್ತದೆ, ಮಿಕ್ಕದ್ದನ್ನು ಬದಿಗಿಡುತ್ತದೆ. 'ಥ'-'ಧ' ತಿಳಿಯದ ಆ ಬಿಳಿಯರನ್ನು ಯಾರೂ ದಡ್ಡರು ಅನ್ನಲಿಲ್ಲ.

ಇನ್ನೂ ಕೇಳಿ. ದಕ್ಷಿಣ ಅಮೆರಿಕದಲ್ಲಿ ಚಿಂಚಿಲ್ಲಾ ಅಂತ ಇಲಿಯ ಬಳಗದ ಒಂದು ಪ್ರಾಣಿ ಇದೆ. 1975ರಲ್ಲಿ ಪೆಟ್ರೀಷಿಯಾ ಕೂಲ್ ಮತ್ತು ಜೇಮ್ಸ್ ಮಿಲ್ಲರ್ ಅದಕ್ಕೆ ಟ-ಡ ಭೇದ ಕಲಿಸಿದರು. ಇಂಗ್ಲಿಷ್ ಮಾತಾಡುವ ಮನುಷ್ಯ ಎಲ್ಲಿ ಗೆರೆ ಎಳೆಯುತ್ತಾನೋ ಹೆಚ್ಚುಕಡಿಮೆ ಅಲ್ಲೇ ಆ ಪ್ರಾಣಿಯೂ ಎಳೆಯಿತು. ಯಾವ ಭೇದವನ್ನು ಹಿಡಿಯೋಕೆ ಕುಲ ಬೇಕು, ಸಂಸ್ಕಾರ ಬೇಕು ಅಂತ ಮೆರೆಯುತ್ತಾರೋ ಅಂಥದ್ದನ್ನು ಒಂದು ಇಲಿ ಹಿಡಿದು ತೋರಿಸಿದೆ!

ನಗು ಎಲ್ಲಿಗೆ ಹೋಗಿ ನಿಲ್ಲುತ್ತದೆ?

'ಒಂದು ನಗುವಿಗೆ ಇಷ್ಟು ರಂಪವೇ' ಅನ್ನುವವರು ಜಪಾನಿನ ಈ ಕಥೆ ಕೇಳಬೇಕು. 1923ರ ಸೆಪ್ಟೆಂಬರ್ 1ರಂದು ತೋಕಿಯೋ, ಯೊಕೊಹಾಮಾ ಕಡೆ ದೊಡ್ಡ ಭೂಕಂಪವಾಯಿತು. ಕೊರಿಯ ಆಗ ಜಪಾನಿನ ವಸಾಹತು. ಕೂಲಿಗೆ ಬಂದ ಬಡ ಕೊರಿಯನ್ನರು ಅಲ್ಲಿ ತುಂಬ ಇದ್ದರು. 'ಕೊರಿಯನ್ನರು ಬಾವಿಗೆ ವಿಷ ಹಾಕುತ್ತಿದ್ದಾರೆ' ಅಂತ ಸುದ್ದಿ ಹಬ್ಬಿಸಿದರು. ಬಾವಿ ಅಂದ ಕೂಡಲೇ ನಮಗೆ ಅರ್ಥವಾಗುತ್ತದೆ, ಅಲ್ಲವೇ? ದೊಣ್ಣೆ, ಬಿದಿರಿನ ಈಟಿ ಹಿಡಿದ ಪಹರೆ ಗುಂಪುಗಳು ದಾರಿದಾರಿಯಲ್ಲಿ ನಿಂತವು. ಮುಖ ನೋಡಿದರೆ ಇಬ್ಬರೂ ಒಂದೇ. ಹೇಗೆ ಗುರುತಿಸೋದು? 'ಜೂಗೋ ಎನ್ ಗೋಜಿಸ್ಸೆನ್' ಅನ್ನು ಅಂದರು. ಹದಿನೈದು ಎನ್, ಐವತ್ತು ಸೆನ್ ಅಂತ ಅರ್ಥ, ಬರೀ ದುಡ್ಡಿನ ಲೆಕ್ಕ. ಪದದ ಮೊದಲಲ್ಲಿ ಜ, ಗ ಇಲ್ಲದ ಕೊರಿಯನ್ ನಾಲಿಗೆಯಲ್ಲಿ ಅದು 'ಚೂಗೋ... ಕೋಜಿ...' ಆಯಿತು. ನಾದ ಹತ್ತೋದು ಸೆಕೆಂಡಿನ ಕೆಲವೇ ಚೂರು ತಡವಾಯಿತು, ತಲೆಗೆ ಏಟು ಬಿತ್ತು. ಸಾವಿರಾರು ಜನರನ್ನು ಕೊಂದರು. ಜಪಾನಿನ ಕವಿ ಸುಬೊಯ್ ಶಿಗೆಜಿ 1948ರಲ್ಲಿ ಈ ಕೊಲೆಗಳ ಮೇಲೆ ಕವಿತೆ ಬರೆದು ಅದಕ್ಕೆ ಆ ದುಡ್ಡಿನ ಲೆಕ್ಕವನ್ನೇ ಹೆಸರಾಗಿ ಇಟ್ಟ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಜಪಾನಿನಲ್ಲೂ ಅಸ್ಪೃಶ್ಯರಿದ್ದಾರೆ, ಬುರಾಕುಮಿನ್ ಅಂತಾರೆ. ಚರ್ಮದ ಕೆಲಸ, ಸತ್ತ ದನದ ಕೆಲಸ ಹೊತ್ತ ಜನ. 1922ರಲ್ಲಿ ಅವರು ಸುಯಿಹೇಯ್‌ಶಾ ಅನ್ನೋ ತಮ್ಮ ಸಂಘಟನೆ ಕಟ್ಟಿದ್ದರು. ಮರುವರ್ಷ ಭೂಕಂಪವಾದ ಐದನೇ ದಿನ, ಸೆಪ್ಟೆಂಬರ್ 6ರಂದು, ದೂರದ ಕಗಾವಾ ಪ್ರಾಂತದಿಂದ ಔಷಧಿ ಮಾರಲು ಬಂದಿದ್ದ ಹದಿನೈದು ಜನ ಬುರಾಕುಮಿನ್‌ರು ಚಿಬಾ ಪ್ರಾಂತದ ಫುಕುದಾ ಹಳ್ಳಿಯ ಹತ್ತಿರ ತೋನೆ ನದಿ ದಾಟಲು ಕಾಯುತ್ತಿದ್ದರು. ಅವರ ಮಾತಿನ ಧಾಟಿ ಆ ಊರಿನವರ ಕಿವಿಗೆ ಬೇರೆ ಅನ್ನಿಸಿತು. 'ಇವರ ಜಪಾನಿ ಸರಿಯಿಲ್ಲ, ಇವರು ಕೊರಿಯನ್ನರೇ' ಅಂದರು. ಒಂಬತ್ತು ಜನರನ್ನು ಕೊಂದರು. ಅವರಲ್ಲಿ ಪುಟ್ಟ ಮಕ್ಕಳಿದ್ದರು, ಒಬ್ಬ ಗರ್ಭಿಣಿ ಇದ್ದಳು. ಸತ್ತವರು ಜಪಾನಿನವರೇ, ಮಾತಾಡಿದ್ದು ಜಪಾನಿಯೇ. ಯಾರ ಉಚ್ಚಾರ ಸರಿ ಅಂತ ತೀರ್ಪು ಕೊಡುವ ಅಧಿಕಾರ ದೊಣ್ಣೆ ಹಿಡಿದವನ ಕೈಗೆ ಹೋದರೆ ಇಷ್ಟು ದೂರ ಹೋಗುತ್ತದೆ.

ನಮ್ಮ ಹಾಸ್ಟೆಲಿನ ಹುಡುಗನ ತಲೆಗೆ ದೊಣ್ಣೆ ಬೀಳೋದಿಲ್ಲ. ಆದರೆ ಅವನು ಮತ್ತೆ ಮೈಕ್ ಹತ್ತಿರ ಹೋಗೋದಿಲ್ಲ. ಇಂಟರ್‌ವ್ಯೂನಲ್ಲಿ ಗೊತ್ತಿದ್ದ ಉತ್ತರ ನುಂಗುತ್ತಾನೆ. ಅದೂ ಒಂದು ಬಗೆಯ ಕೊಲೆಯೇ.

ನಮ್ಮೊಳಗಿನ ಹೆದರಿಕೆ

ಈ ನಗುವಿಗೆ ಹೆದರಿ ನಮ್ಮಲ್ಲಿ ಕೆಲವರು ಬೇಡದ ಕಡೆಯೆಲ್ಲ ಹಕಾರ ತುಂಬುತ್ತಾರೆ. ಆನೆ ಹಾನೆಯಾಗುತ್ತದೆ, ಅಂಗಡಿ ಹಂಗಡಿಯಾಗುತ್ತದೆ. ಅದಕ್ಕೂ ನಗುತ್ತಾರೆ. ಬಿಟ್ಟರೂ ನಗು, ಹಾಕಿದರೂ ನಗು. ಎರಡು ಸಾವಿರ ವರ್ಷದ ಹಿಂದೆ ರೋಮಿನಲ್ಲೂ ಹೀಗೇ ಆಯಿತು. ಗ್ರೀಕರಿಂದ ಬಂದ ಮಹಾಪ್ರಾಣ ಅಲ್ಲಿ ದೊಡ್ಡವರ ಫ್ಯಾಷನ್ನು. ಆರಿಯಸ್ ಅನ್ನೋ ಒಬ್ಬ ಅದನ್ನು ಬೇಡದ ಕಡೆ ಹಾಕಿದ ಅಂತ ಕಟುಲ್ಲಸ್ ಕವಿ ಪದ್ಯ ಕಟ್ಟಿ ನಕ್ಕ. ಕವಿಗಳೂ ನಗುವವರ ಸಾಲಿನಲ್ಲಿ ಕೂತದ್ದುಂಟು. ಕವಿತೆ ಬರೆಯುವ ನಾವು ಆ ಸಾಲಿನಿಂದ ಎದ್ದು ಬರಬೇಕು.

'ದನಕ್ಕೂ ಧನಕ್ಕೂ ಭೇದ ಬೇಡವೇ? ಅರ್ಥ ಕೆಡೋದಿಲ್ಲವೇ?' ಅಂತ ಒಬ್ಬ ಪಂಡಿತ ಕೇಳಬಹುದು. ಸ್ವಾಮಿ, 'ದನ ಮೇಯಿಸಿದೆ' ಅಂದರೆ ಯಾರೂ ದುಡ್ಡು ಹುಲ್ಲು ತಿಂದಿತು ಅಂದುಕೊಳ್ಳೋದಿಲ್ಲ. 'ಧನಸಹಾಯ ಬಂದಿಲ್ಲ' ಅಂತ ನಾವು ಯಾವ ಗಾಳಿಯಲ್ಲಿ ಹೇಳಿದರೂ ಆಫೀಸಿನವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಕೊಡೋಕೆ ಮನಸ್ಸಿಲ್ಲ, ಅಷ್ಟೆ.

'ಹಾಗಾದರೆ ಆ ಹತ್ತು ಅಕ್ಷರ ಕಿತ್ತೇ ಹಾಕೋಣ' ಅನ್ನುವವರೂ ಇದ್ದಾರೆ. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಕನ್ನಡ ಬರಹದಲ್ಲಿ ಮಹಾಪ್ರಾಣ ಬೇಡ ಅಂತ ವಾದಿಸಿ, ಹಾಗೇ ಬರೆದೂ ತೋರಿಸಿದರು. ಆ ವಾದದಲ್ಲಿ ಸತ್ಯ ಇದೆ. ಆದರೆ ನಮ್ಮ ಜಗಳ ಅಕ್ಷರದ ಜೊತೆ ಅಲ್ಲ. ನಮ್ಮಿಂದ ಬಚ್ಚಿಟ್ಟ ಅಕ್ಷರ ಒಂದನ್ನೂ ನಾವು ಬಿಟ್ಟುಕೊಡೋದಿಲ್ಲ. ಎಲ್ಲವನ್ನೂ ಕಲಿಯುತ್ತೇವೆ, ಎಲ್ಲವನ್ನೂ ಬರೆಯುತ್ತೇವೆ. ನಮ್ಮ ಜಗಳ ಅಕ್ಷರವನ್ನು ಬೆತ್ತ ಮಾಡಿಕೊಂಡವರ ಜೊತೆ.

ಬುದ್ಧನ ಕಾಲದಲ್ಲೂ ಈ ಪ್ರಶ್ನೆ ಎದ್ದಿತ್ತು. ಬ್ರಾಹ್ಮಣ ಕುಲದಿಂದ ಬಂದ ಇಬ್ಬರು ಭಿಕ್ಷುಗಳು 'ನಾನಾ ಕುಲದವರು ತಮ್ಮ ತಮ್ಮ ಮಾತಿನಲ್ಲಿ ಹೇಳಿ ನಿಮ್ಮ ವಚನ ಕೆಡಿಸುತ್ತಿದ್ದಾರೆ, ಛಂದಸ್ಸಿಗೆ ಹಾಕಿಬಿಡೋಣ' ಅಂದರು. ಬುದ್ಧ ಅವರನ್ನೇ ಬೈದು, ಅವರವರ ಮಾತಿನಲ್ಲೇ ಕಲಿಯಲಿ ಅಂದ. ವಿನಯಪಿಟಕದಲ್ಲಿ ಈ ಕಥೆ ಇದೆ. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂದಾಗ ಕೇರಿಯ ಬಾಯಿ ಕನ್ನಡದ ಕಾವ್ಯದೊಳಗೆ ನೆಟ್ಟಗೆ ನಡೆದು ಬಂತು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ.

ಆದ್ದರಿಂದ ನಮ್ಮ ಮಾತು ಇಷ್ಟು. ಚರ್ಚಾ ಸ್ಪರ್ಧೆ, ಭಾಷಣ ಸ್ಪರ್ಧೆಗಳಲ್ಲಿ 'ಉಚ್ಚಾರಣಾ ಶುದ್ಧಿ'ಯ ಅಂಕ ತೆಗೆಯಿರಿ ಅಂತ ಕಾಲೇಜು ಕಾಲೇಜಿನಲ್ಲಿ ಬರೆದು ಕೊಡೋಣ. ತೆಗೆಯದಿದ್ದರೆ ಅದೇ ವೇದಿಕೆಯ ಮೇಲೆ ನಿಂತು ಯಾಕೆ ಅಂತ ಕೇಳೋಣ. ಕ್ಲಾಸಿನಲ್ಲಿ ಓದುವ ಹುಡುಗಿಯನ್ನು ನಿಲ್ಲಿಸಿ ಹಂಗಿಸಿದರೆ ಎಲ್ಲರೂ ಎದ್ದು ನಿಲ್ಲೋಣ. ಹಾಸ್ಟೆಲಿನೊಳಗೆ ಒಬ್ಬರ ಮಾತಿಗೆ ಇನ್ನೊಬ್ಬರು ನಗೋದನ್ನು ಇವತ್ತೇ ಬಿಡೋಣ. ಬೀದರಿನವನು ಚಾಮರಾಜನಗರದವನಿಗೆ, ಹೊಲೆಯರ ಹುಡುಗ ಮಾದಿಗರ ಹುಡುಗನಿಗೆ ನಕ್ಕರೆ ಆ ನಗುವೂ ಅವರದ್ದೇ, ನಮ್ಮ ಬಾಯಲ್ಲಿ ಬಂದಿದೆ ಅಷ್ಟೆ. ವಾರಕ್ಕೊಂದು ಸಂಜೆ ಜೋರಾಗಿ ಓದೋಣ. ಸಂವಿಧಾನ ಓದೋಣ, ಬಾಬಾಸಾಹೇಬರನ್ನು ಓದೋಣ, ನಮ್ಮ ಪದ್ಯ ಓದೋಣ. ಯಾವ ಗಂಟಲಿನಲ್ಲಿ ಬರುತ್ತದೋ ಆ ಗಂಟಲಿನಲ್ಲಿ.

ಅಲ್ಪಪ್ರಾಣ ಅಂದರೆ ಸಣ್ಣ ಉಸಿರು. ಸಣ್ಣ ಉಸಿರಿನ ಅಕ್ಷರ ಇರಬಹುದು, ಸಣ್ಣ ಉಸಿರಿನ ಜನ ಇಲ್ಲ. ಬಾಬಾಸಾಹೇಬರ ಹೆಸರಿನ ಮೊದಲ ಅಕ್ಷರವೇ 'ಭ'. ಮರಾಠಿಯವರು ಅದನ್ನು ತುಂಬು ಗಾಳಿಯಲ್ಲಿ ಹೇಳುತ್ತಾರೆ. ನಮ್ಮ ಅಜ್ಜಿ 'ಬೀಮಪ್ಪ' ಅನ್ನುತ್ತಾಳೆ. ಹಾಗಂದದ್ದಕ್ಕೆ ಆ ಹೆಸರು ಒಂದು ನೂಲಿನಷ್ಟೂ ಕುಗ್ಗಿಲ್ಲ.

ಜೈ ಭೀಮ್ ಅನ್ನಿ. ಜೈ ಬೀಮ್ ಅನ್ನಿ. ಜೋರಾಗಿ ಅನ್ನಿ.